ನಮ್ಮ ಅಯಾನ್ ಚೇಂಬರ್ ನಿಮ್ಮ ಬೀರುವಿನಲ್ಲಿದೆ

ವಿಕಿರಣ ಉಪಕರಣಗಳಿಗೆ ಮೊಹರು ಒತ್ತುವ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಆಸ್ಪತ್ರೆಯ ವಿಕಿರಣ ಯಂತ್ರ ರೋಗಿಗಳಿಗೆ ಎಷ್ಟು ಡೋಸ್ ಕೊಡುತ್ತಿದೆ ಎಂಬುದು ಈಗ ಯಾರಿಗೂ ಗೊತ್ತಿಲ್ಲ. ಗೊತ್ತಿರಬೇಕಾದವಳು ನಾನು, ಆ ವಿಭಾಗದ ಭೌತವಿಜ್ಞಾನಿ. ಅದನ್ನು ಅಳೆಯುವ ಬೆರಳುದ್ದದ ಅಯಾನ್ ಚೇಂಬರ್ ಪರೀಕ್ಷೆ ಮುಗಿಸಿಕೊಂಡು, ತಮ್ಮ ಮೊಹರಿಗಾಗಿ ತಮ್ಮದೇ ಬೀರುವಿನಲ್ಲಿ ಮಲಗಿದೆ. ಕೇಳಿ ಕೇಳಿ ನನ್ನ ಗಂಟಲು ಒಣಗಿತು, ಅದಕ್ಕೇ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಓದುವವರಿಗೂ ವಿಷಯ ತಿಳಿಯಲಿ. ಯಂತ್ರದ ಎದುರು ಒಂದು ಪ್ಯಾನೆಲ್ ಇದೆ. ಬಿದ್ದ ಕಿರಣವನ್ನು ಹಿಡಿದು ಅದು ಚಿತ್ರ ಮಾಡುತ್ತದೆ. ಚಿತ್ರ ಎಷ್ಟು ಗಾಢವಾದರೆ ಎಷ್ಟು ಡೋಸ್ ಎಂದು ಮೊದಲೇ ಹೊಂದಿಸಿಟ್ಟರೆ, ಯಂತ್ರ ಸರಿಯಿದೆಯೇ ಎಂದು ದಿನಾ ಬೆಳಿಗ್ಗೆ ಅದೇ ಹೇಳುತ್ತದೆ. ಆದರೆ ಪ್ಯಾನೆಲ್ಲಿಗೆ ತಾನಾಗಿ ಡೋಸ್ ಎಂದರೇನೆಂದು ಗೊತ್ತಿಲ್ಲ. ನೀರಿನ ತೊಟ್ಟಿಯಲ್ಲಿ ಚೇಂಬರ್ ಇಳಿಸಿ ಕಿರಣವನ್ನು ಅಳೆದು, ಆ ಅಳತೆಯನ್ನು ಅದಕ್ಕೆ ಕಲಿಸಬೇಕು. ವಿಕಿರಣ ತಿಂದು ತಿಂದು ಪ್ಯಾನೆಲ್ ಮಂಕಾದಾಗ ಮತ್ತೆ ಕಲಿಸಬೇಕು.

ಕಳೆದ ತಿಂಗಳು ಒಂದು ಬೆಳಿಗ್ಗೆ ಪ್ಯಾನೆಲ್ ಕೆಂಪು ತೋರಿಸಿತು. ಕಿರಣ ಕಡಿಮೆಯಾಗಿದೆ ಎಂದಿತು. ನಿಜಕ್ಕೂ ಕಿರಣ ಸೊರಗಿತ್ತೋ, ಪ್ಯಾನೆಲ್ಲಿನ ಕಣ್ಣೇ ಮಂಜಾಗಿತ್ತೋ? ಚೇಂಬರ್ ಇದ್ದಿದ್ದರೆ ಮಧ್ಯಾಹ್ನದೊಳಗೆ ಇತ್ಯರ್ಥವಾಗುತ್ತಿತ್ತು. ತಮ್ಮ ಕಚೇರಿಗೆ ಫೋನ್ ಮಾಡಿದೆ. ತಮ್ಮ ತಾಂತ್ರಿಕ ಸಲಹೆಗಾರರು ಧಾರಾಳವಾಗಿ ದಾರಿ ತೋರಿಸಿದರು: "ಇವತ್ತಿನ ಕಿರಣಾನೇ ಸರಿ ಅಂತ ಇಟ್ಕೊಳ್ಳಿ ಮೇಡಂ. ಪ್ಯಾನೆಲ್ಲನ್ನ ಅದಕ್ಕೆ ಹೊಂದಿಸಿಬಿಡಿ, ಹಸಿರು ಬರುತ್ತೆ. ಯಾಕೆ ಸುಮ್ನೆ ತಲೆ ಕೆಡಿಸ್ಕೊಳ್ತೀರಿ?"

ಒಲ್ಲೆ ಎಂದೆ. ಮರುದಿನ ತಮ್ಮ ಕಚೇರಿಯಿಂದ ಆದೇಶವೇ ಬಂತು. ಹೊಂದಿಸಿದೆವು, ಹಸಿರು ಬಂತು. ಬರದೆ ಏನು ಮಾಡುತ್ತದೆ? ಹಿಂದೆ ಬಿದ್ದ ಗೋಡೆ ಗಡಿಯಾರ ನೋಡಿ ಕೈಗಡಿಯಾರ ತಿರುಗಿಸಿಕೊಂಡರೆ ಎರಡೂ ಒಂದೇ ಹೊತ್ತು ತೋರಿಸುತ್ತವೆ, ರೈಲು ಮಾತ್ರ ಹೊರಟುಹೋಗಿರುತ್ತದೆ. ಪಕ್ಕದ ಆಸ್ಪತ್ರೆಯವರು ಅವರದೇ ಚೇಂಬರನ್ನು ಒಂದು ದಿನದ ಮಟ್ಟಿಗೆ ಕೊಡಲು ಸಿದ್ಧರಿದ್ದಾರೆ. ಅದು ಅವರ ಯಂತ್ರದ ಹೆಸರಿನಲ್ಲಿ ನೋಂದಣಿಯಾಗಿದೆ, ಅವರ ಬಾಗಿಲು ದಾಟುವಂತಿಲ್ಲ ಎಂದಿರಿ. ಕ್ಯಾನ್ಸರಿಗೂ ಇಂಥದ್ದೊಂದು ನಿಯಮ ಮಾಡಿಬಿಡಿ ಸ್ವಾಮಿ, ಹುಟ್ಟಿದ ಜಾಗ ಬಿಟ್ಟು ಅದೂ ಕದಲದಿರಲಿ.

ಹಾಗಾದರೆ ಯಂತ್ರ ನಿಲ್ಲಿಸಿ ಎನ್ನುತ್ತೀರೇನೋ. ಚಿಕಿತ್ಸೆ ನಡುವೆ ನಿಂತರೆ ಗಡ್ಡೆ ಕೈಕಟ್ಟಿ ಕೂರುವುದಿಲ್ಲ, ಮತ್ತೆ ಬೆಳೆಯುತ್ತದೆ. ಅಂದಾಜಿನ ಮೇಲೆ ಕಿರಣ ಹೆಚ್ಚಿಸೋಣವೇ? ಮಂಕಾದದ್ದು ಪ್ಯಾನೆಲ್ ಆಗಿದ್ದರೆ ಸುತ್ತಲಿನ ಒಳ್ಳೆಯ ಭಾಗವನ್ನೂ ಸುಡುತ್ತೇವೆ. ಯಾವ ಕಡೆಗೆ ಹೆಜ್ಜೆ ಇಡಲೂ ನನಗೆ ಧೈರ್ಯವಿಲ್ಲ.

ಆ ಯಂತ್ರದ ಕೆಳಗೆ ಮಲಗುವವರಲ್ಲಿ ನನ್ನ ಅಕ್ಕನೂ ಒಬ್ಬಳು. ಗಂಟಲಿನ ಗಡ್ಡೆ. ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದವಳು ಅವಳೇ. ಬಟ್ಟೆ ಅಂಗಡಿಯಲ್ಲಿ ನಿಂತು ಎಂಥ ಜಗಳಗಂಟ ಗಿರಾಕಿಯನ್ನೂ ಮಾತಲ್ಲೇ ಮಣಿಸುತ್ತಿದ್ದವಳು ಈಗ ಪಿಸುಗುಟ್ಟುತ್ತಾಳೆ. ವಾರಗಟ್ಟಲೆ ನೀರು ನುಂಗಲೂ ಒದ್ದಾಡಿದಳು. ಮೊನ್ನೆ, ತಲೆ ಅಲುಗದಂತೆ ಬಿಗಿಯುವ ಮಾಸ್ಕ್ ಬಿಚ್ಚಿದ ಕೂಡಲೇ ನನ್ನ ಕೈ ಹಿಡಿದುಕೊಂಡಳು.

"ಉರಿ ಕಮ್ಮಿ ಆಗಿದೆ ಕಣೆ. ಬೆಳಿಗ್ಗೆ ಅರ್ಧ ಲೋಟ ಹಾಲು ಕುಡಿದೆ. ವಾಸಿ ಆಗ್ತಾ ಇದೆ ಅಲ್ವಾ?"

"ಹೂಂ ಅಕ್ಕ," ಎಂದೆ.

ಆದರೆ ಸಾಕಷ್ಟು ಕಿರಣ ಬಿದ್ದರೆ ಗಂಟಲಿನ ಒಳಚರ್ಮವೂ ಸುಡುತ್ತದೆ, ಚಿಕಿತ್ಸೆಯ ಈ ಹಂತದಲ್ಲಿ ಉರಿ ಏರಬೇಕು, ಇಳಿಯಬಾರದು. ಉರಿಗೆಂದು ಕೊಟ್ಟ ಹೊಸ ಔಷಧಿಯಿಂದ ಇಳಿಯಿತೋ, ಕಿರಣವೇ ಸಾಲದೆ ಇಳಿಯಿತೋ? ಅವಳು ನಗುತ್ತಾ ಹೇಳಿದ ಸಂಗತಿಯನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿಲ್ಲ. ಹೆದರಿಕೆಯಾಗುತ್ತಿದೆ. ಅದನ್ನು ಅವಳೆದುರು ಹೇಳುವಂತಿಲ್ಲ, ಆದ್ದರಿಂದ ತಮಗೆ ಹೇಳುತ್ತಿದ್ದೇನೆ.

ಮಾನ್ಯರೇ, ಸಾಂತ್ವನ ಬೇಡ, ಸಮಿತಿಯೂ ಬೇಡ. ನಮ್ಮ ಚೇಂಬರನ್ನು ಈ ಹೊತ್ತೇ ಕಳಿಸಿ, ಇಲ್ಲವೇ ಪಕ್ಕದವರದನ್ನು ತರಲು ಬಿಡಿ. ಎರಡೂ ಆಗದಿದ್ದರೆ ನಾಳೆ ಬೆಳಿಗ್ಗೆ ಅಕ್ಕನ ಸರದಿಗೆ ತಾವೇ ಬನ್ನಿ. ಯಂತ್ರ ನಡೆಸಬೇಕೋ ನಿಲ್ಲಿಸಬೇಕೋ, ಅವಳ ಮುಖ ನೋಡಿಕೊಂಡು ಹೇಳಿ.

ಇಂತಿ,
ಅಕ್ಕನ ಗಂಟಲು ಇನ್ನಷ್ಟು ಉರಿಯಲೆಂದು ದಿನಾ ಬೇಡಿಕೊಳ್ಳುವ ತಂಗಿ