ಹದಿನಾಲ್ಕನೇ ಪುಟದ ಹೆಬ್ಬೆರಳು

ಮಾನ್ಯ ತರಬೇತಿ ನಿರ್ದೇಶಕರೇ,

ನನ್ನ ಮಗಳ ಎಡಗೈ ಹೆಬ್ಬೆರಳಿನ ತುದಿ ಹಾರಿಹೋಗಿದೆ. ಕಾರಣ, ನಿಮ್ಮ ಕೈಪಿಡಿಯ ಹದಿನಾಲ್ಕನೇ ಪುಟ. ನಿಮ್ಮ ವಿಚಾರಣಾ ವರದಿ ಮಾತ್ರ ‘ಅಭ್ಯರ್ಥಿಯ ಸ್ವಂತ ಅಜಾಗರೂಕತೆ’ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದೆ. ಆ ಸಾಲಿನಿಂದಾಗಿ ಅವಳಿಗೆ ಕಾವಲು ಪಡೆಯ ಕೆಲಸ ತಪ್ಪಿತು. ಇನ್ನು ಯಾವ ಪಡೆಯೂ ಅವಳ ಕೈಗೆ ಆಯುಧ ಕೊಡುವುದಿಲ್ಲ. ಇಪ್ಪತ್ತೆಂಟು ವರ್ಷ ನಿಮ್ಮದೇ ಶಸ್ತ್ರಾಗಾರದಲ್ಲಿ ರಿಪೇರಿ ಕೆಲಸ ಮಾಡಿದ ನಾನು ಈ ಪತ್ರವನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಮಾಧಾನದಿಂದ ಬರೆದ ನಾಲ್ಕು ಅರ್ಜಿಗಳು ಯಾವ ಕಡತದಡಿ ನಿದ್ದೆ ಹೋಗಿವೆ ಎಂಬುದು ನಿಮಗೇ ಗೊತ್ತು.

ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಅದರ ಓದುಗರಿಗಾಗಿ ಒಂದು ವಿವರಣೆ. ನಿಮಗೆ ಇದು ಮೊದಲೇ ಗೊತ್ತಿರಬೇಕಿತ್ತು. ರಿವಾಲ್ವರಿನಲ್ಲಿ ಗುಂಡುಗಳು ಕೂರುವ ಸಿಲಿಂಡರ್ ತಿರುಗಬೇಕಲ್ಲ, ಹಾಗಾಗಿ ಅದಕ್ಕೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಗುಂಡು ಹಾರಿದಾಗ ಆ ಸಂದಿನಿಂದ ಕಾದ ಅನಿಲವೂ ಸೀಸದ ಚೂರುಗಳೂ ಪಕ್ಕಕ್ಕೆ ಚಿಮ್ಮುತ್ತವೆ. ಮೂರು ವರ್ಷದ ಹಿಂದೆ ನೀವು ಹೆಮ್ಮೆಯಿಂದ ತರಿಸಿದ ಭಾರಿ ಗುಂಡಿನ ರಿವಾಲ್ವರುಗಳಲ್ಲಂತೂ ಅದು ಬೆರಳನ್ನೇ ಕತ್ತರಿಸಬಲ್ಲದು. ಪಿಸ್ತೂಲಿನಲ್ಲಿ ಇಂಥ ಸಂದು ಇಲ್ಲ. ಪಿಸ್ತೂಲು ಹಿಡಿದು ರೂಢಿಯಾದವರು ಅದೇ ಚಾಳಿಯಲ್ಲಿ ಹೆಬ್ಬೆರಳನ್ನು ಮುಂದಕ್ಕೆ ಚಾಚುತ್ತಾರೆ. ನಾನು ಅತಿ ಹೆಚ್ಚು ಕಂಡ ತಪ್ಪು ಇದೇ. ಹದಿನಾಲ್ಕನೇ ಪುಟದಲ್ಲಿ ತಾವು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಮುಗುಳ್ನಗುತ್ತಾ, ಹೆಬ್ಬೆರಳನ್ನು ಸರಿಯಾಗಿ ಆ ಸಂದಿನ ಪಕ್ಕದಲ್ಲೇ ಇಟ್ಟುಕೊಂಡು ನಿಂತಿದ್ದೀರಿ. ಕೆಳಗೆ ದಪ್ಪಕ್ಷರದಲ್ಲಿ ‘ಸರಿಯಾದ ಹಿಡಿತ’ ಎಂದಿದೆ.

ನನ್ನ ಮಗಳಿಗೆ ನಾನು ಮನೆಯಲ್ಲಿ ಮರದ ಮಾದರಿಯೊಂದನ್ನು ಕೆತ್ತಿ ಕಲಿಸಿದ್ದೆ. ಖಾಲಿ ಎಂದು ಗೊತ್ತಿದ್ದರೂ ನಳಿಗೆ ಯಾರ ಕಡೆಗೂ ತಿರುಗಬಾರದು, ಗುರಿ ಹಿಡಿಯುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು, ಎರಡೂ ಹೆಬ್ಬೆರಳು ಸಿಲಿಂಡರಿನ ಹಿಂದೆಯೇ ಇರಬೇಕು, ಕನ್ನಡಕ ಇಲ್ಲದೆ ನಿಲ್ಲಲೇಬಾರದು. ಕನ್ನಡಕ ಹಾಕಿದ್ದಳು, ಕಣ್ಣು ಉಳಿಯಿತು. ಪರೀಕ್ಷೆಯ ದಿನ ನಡೆದದ್ದನ್ನು ಆಸ್ಪತ್ರೆಯ ಮಂಚದ ಮೇಲೆ ಅವಳೇ ಹೇಳಿದಳು.

“ಅಪ್ಪಾ, ನಾನು ಸರಿಯಾಗೇ ಹಿಡಿದಿದ್ದೆ. ಪರೀಕ್ಷಕರು ಪುಸ್ತಕ ತೆರೆದುಕೊಂಡೇ ಬಂದ್ರು. ‘ಏನಮ್ಮಾ, ಸಾಹೇಬ್ರಿಗಿಂತ ನಿಂಗೇ ಜಾಸ್ತಿ ಗೊತ್ತಾ? ಫೋಟೋದಲ್ಲಿರೋ ಹಾಗೆ ಹಿಡಿ, ಇಲ್ಲಾಂದ್ರೆ ಫೇಲು’ ಅಂದ್ರು.”

“ನೀನು ಬಾಯಿಬಿಟ್ಟು ಹೇಳಬಾರದಿತ್ತೇನೆ?”

“ಹೇಳ್ದೆ. ಹಾಗೆ ಹಿಡೀಬಾರದು ಅಂತ ನಮ್ಮಪ್ಪ ಹೇಳಿದಾರೆ ಅಂದೆ. ಎಲ್ರೂ ನಕ್ಕುಬಿಟ್ರು.”

ಪರೀಕ್ಷಕರು ಅವಳ ಹೆಬ್ಬೆರಳನ್ನು ತಾವೇ ಹಿಡಿದು ಮುಂದಕ್ಕೆ ಸರಿಸಿದರಂತೆ. ಹೇಳಿದ ಮಾತು ಕೇಳುವುದಕ್ಕೆ ನಿಮ್ಮ ಕಚೇರಿಯಲ್ಲಿ ಅಜಾಗರೂಕತೆ ಎನ್ನುತ್ತಾರೆಯೇ? ಹಾಗಾದರೆ ಆ ಚಿತ್ರಕ್ಕೆ ಏನೆನ್ನುತ್ತಾರೆ? ಅವಳ ಎರಡು ವರ್ಷದ ಮಗುವಿನ ಅಂಗಿಯ ಗುಂಡಿಯನ್ನು ಈಗ ನಾನು ಹಾಕುತ್ತೇನೆ. ಅವಳು ಮುಖ ತಿರುಗಿಸಿಕೊಂಡು ನಿಂತಿರುತ್ತಾಳೆ. ಪ್ರತಿದಿನ ಬೆಳಿಗ್ಗೆ ಆ ಗುಂಡಿಗಳನ್ನು ಹಾಕುವಾಗ ನಿಮ್ಮನ್ನು ನೆನೆದು ಶಪಿಸುತ್ತೇನೆ.

ಆ ಫೋಟೋ ತೆಗೆದ ದಿನ ರಿವಾಲ್ವರನ್ನು ನಿಮ್ಮ ಕೈಗೆ ಕೊಟ್ಟವನು ನಾನು. ಸಿಲಿಂಡರನ್ನು ಪಕ್ಕಕ್ಕೆ ತೆರೆದು, ಗುಂಡು ಕೂರುವ ಆರೂ ಕುಳಿಗಳನ್ನು ನೋಡಿ, ಬೆರಳಾಡಿಸಿ, ಖಾಲಿ ಎಂದು ಖಾತ್ರಿ ಮಾಡಿಕೊಂಡು ಕೊಟ್ಟಿದ್ದೆ. ನೀವು ಸಿನಿಮಾ ಹೀರೋ ಹಾಗೆ ಮಣಿಕಟ್ಟು ಕುಲುಕಿ ಸಿಲಿಂಡರನ್ನು ಟಪ್ಪೆಂದು ಮುಚ್ಚಿದಿರಿ. ಹಾಗೆ ಮುಚ್ಚಿದರೆ ಅದನ್ನು ಹೊತ್ತಿರುವ ಲೋಹದ ತೋಳು ಬಾಗುತ್ತದೆ ಎಂಬ ಮಾತನ್ನು ನುಂಗಿಕೊಂಡೆ. “ಸರ್, ಬೆರಳು ಸ್ವಲ್ಪ ಹಿಂದಕ್ಕೆ” ಎಂದಷ್ಟೇ ಹೇಳಿದೆ. “ಖಾಲಿ ತಾನೇ ಕಣ್ರೀ? ಹಿಂದಕ್ಕಿಟ್ರೆ ಫೋಟೋದಲ್ಲಿ ಕೈ ಚೆನ್ನಾಗಿ ಕಾಣಲ್ಲ” ಎಂದಿರಿ. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು, ನಾನು ಬಾಯಿ ಮುಚ್ಚಿಕೊಂಡೆ. ಆ ಪಾಪ ನನ್ನದು, ಅದನ್ನು ನಾನು ಹೊರುತ್ತೇನೆ. ನಿಮ್ಮ ಪಾಲನ್ನು ಮಾತ್ರ ಹೊರಲಾರೆ.

ನನಗೆ ಪರಿಹಾರ ಬೇಡ, ವಿಷಾದದ ಪತ್ರವೂ ಬೇಡ. ಮುಂದಿನ ತಂಡದ ಪರೀಕ್ಷೆಯ ದಿನ, ಎಲ್ಲ ಅಭ್ಯರ್ಥಿಗಳ ಎದುರು, ಅದೇ ಭಾರಿ ರಿವಾಲ್ವರಿಗೆ ಆರು ಗುಂಡು ತುಂಬಿಸಿಕೊಂಡು ನಿಂತುಕೊಳ್ಳಿ. ಪರೀಕ್ಷಕರು ಪಕ್ಕದಲ್ಲಿ ಪುಸ್ತಕ ತೆರೆದು ಹಿಡಿದಿರಲಿ. ಚಿತ್ರದಲ್ಲಿರುವ ಹಾಗೆಯೇ ಹಿಡಿಯಿರಿ. ನೀವು ಟ್ರಿಗರ್ ಒತ್ತಬೇಕೆಂದು ನಾನು ಕೇಳುವುದೇ ಇಲ್ಲ. ಒತ್ತುವ ಮುಂಚೆ ನಿಮ್ಮ ಹೆಬ್ಬೆರಳು ತಾನಾಗಿ ಹಿಂದಕ್ಕೆ ಸರಿಯುತ್ತದಲ್ಲ, ಅದನ್ನು ಅವರೆಲ್ಲ ನೋಡಬೇಕು. ಅದು ಸರಿದ ಕೂಡಲೇ ರಿವಾಲ್ವರ್ ಕೆಳಗಿಟ್ಟು, ನನ್ನ ಮಗಳ ವರದಿ ತರಿಸಿ, ‘ಅಜಾಗರೂಕತೆ’ ಎಂಬ ಆ ಸಾಲನ್ನು ನಿಮ್ಮ ಕೈಯಾರೆ ಹೊಡೆದುಹಾಕಿ.

ಇಂತಿ,
ಆಯುಧವನ್ನು ಖಾಲಿ ಮಾಡಿ ಕೊಟ್ಟು ಬಾಯಿ ಮುಚ್ಚಿಕೊಂಡಿದ್ದ,
ಆ ಹುಡುಗಿಯ ಅಪ್ಪ