ಗಾಡಿಯ ಬೀರುವಿನಲ್ಲಿದ್ದ ನಿನ್ನ ಚೀಟಿ

ಹೆದ್ದಾರಿ ಪಕ್ಕದ ತಂಗುದಾಣ, ಮೂರನೆಯ ಸಾಲು
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮ? ಕರೆಂಟು ತಯಾರಿಸುವ ಆ ಗಾಳಿಯಂತ್ರದ ಕಂಬ ಹತ್ತಿ ಇಳಿದು ಮೊಣಕಾಲು ನೋಯುತ್ತಿದೆ ಎಂದು ಅಮ್ಮನಿಗೆ ಹೇಳಿದ್ದೆಯಂತೆ, ಈಗ ಕಡಿಮೆಯಾಯಿತೇ? ನಿನ್ನ ಸುದ್ದಿಯೆಲ್ಲ ನನಗೆ ಅಡುಗೆಮನೆಯಿಂದಲೇ ಬರುವುದು. ಫೋನು ನನ್ನ ಕೈಗೆ ಬಂದರೆ "ಹೂಂ ಅಪ್ಪಾ, ಚೆನ್ನಾಗಿದ್ದೀನಿ" ಎನ್ನುವಷ್ಟರಲ್ಲಿ ನಮ್ಮಿಬ್ಬರ ಮಾತಿನ ಸರಕು ಮುಗಿದಿರುತ್ತದೆ. ಅದಕ್ಕೇ ಈ ಕಾಗದ. ನಾನು ಆರಾಮವಾಗಿದ್ದೇನೆ. ಅಮ್ಮನ ಸೊಂಟ ನೋವು ಹಾಗೇ ಇದೆ, ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಗಿದೆ.

ಈಗ ನಾವೆಲ್ಲಿದ್ದೇವೆ ಹೇಳು ನೋಡೋಣ. ನೀನೇ ವೈರಿಂಗ್ ಮಾಡಿದ ನಮ್ಮ ಮನೆಗಾಡಿಯೊಳಗೆ, ನಿನ್ನ ಕಡೆಗೇ ಬರುತ್ತಾ ಇದ್ದೇವೆ! ಎರಡು ವರ್ಷ ಹಿತ್ತಲಿನಲ್ಲಿ ತಾಡಪಾಲು ಹೊದ್ದು ನಿಂತಿದ್ದ ಗಾಡಿ. ಅಮ್ಮನಿಗೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಕೂರಲಾಗುವುದಿಲ್ಲ. ಗಾಡಿಯಾದರೆ ಕಾಲು ಚಾಚಿ ಮಲಗಿಕೊಂಡೇ ಬರಬಹುದು. ಇದ್ದ ಅಳುಕು ಒಂದೇ, ಅವಳ ಇನ್ಸುಲಿನ್. ಒಂದು ತಿಂಗಳಿಗಾಗುವ ಮದ್ದು ಗಾಡಿಯ ಫ್ರಿಜ್ಜಿನಲ್ಲಿದೆ. ಫ್ರಿಜ್ಜು ಕೈಕೊಟ್ಟರೆ ಅಲ್ಲಿಂದಲೇ ಗಾಡಿ ತಿರುಗಿಸುವುದು ಎಂದು ಡಾಕ್ಟರ ಮುಂದೆ ಮಾತು ಕೊಟ್ಟೇ ಹೊರಟಿದ್ದೆವು. ಮಗಳ ಮುಖ ನೋಡಲು ಇನ್ನು ನಾಲ್ಕೇ ದಿನ ಎಂದು ಅಮ್ಮ ದಾರಿಯುದ್ದಕ್ಕೂ ಬೆರಳು ಮಡಚುತ್ತಾ ಬಂದಳು.

ನಿನ್ನೆ ಮಧ್ಯಾಹ್ನ ಊಟಕ್ಕೆಂದು ಇಲ್ಲಿ ನಿಲ್ಲಿಸಿದರೆ ಫ್ರಿಜ್ಜಿನ ಸದ್ದೇ ಇಲ್ಲ. ಎರಡು ವರ್ಷದ ಹಿಂದೆ ಈ ಗಾಡಿಯ ಮೊದಲ ಪ್ರವಾಸದಲ್ಲಿ ಆದದ್ದೇ ಮತ್ತೆ ಆಗಿತ್ತು, ಅದೇ ನಡುಮಧ್ಯಾಹ್ನ, ಅದೇ ಬಿಸಿಲು. ದೀಪ ಉರಿಯುತ್ತದೆ, ನೀರಿನ ಪಂಪು ಓಡುತ್ತದೆ, ಫ್ರಿಜ್ಜು ಮಾತ್ರ ಸತ್ತಿದೆ. ಪಕ್ಕದ ಚಹಾ ಅಂಗಡಿಯಾಕೆ ಪುಣ್ಯಾತ್ಗಿತ್ತಿ, ಕೇಳಿದ ತಕ್ಷಣ ಒಂದು ಫ್ಲಾಸ್ಕಿನ ತುಂಬಾ ಐಸು ಕೊಟ್ಟಳು. ಮದ್ದನ್ನು ಬಟ್ಟೆಯಲ್ಲಿ ಸುತ್ತಿ ಅದರೊಳಗಿಟ್ಟೆವು. "ಸಂಜೆವರೆಗೆ ನೋಡೋಣ ರೀ, ಆಮೇಲೆ ವಾಪಸ್ ಹೋಗೋಣ" ಎಂದು ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು.

ಬೇರೆ ದಾರಿಯಿಲ್ಲದೆ ಸೀಟಿನ ಕೆಳಗಿರುವ, ನಿನ್ನ ವೈರಿಂಗಿನ ಬೀರು ತೆಗೆದೆ. ಬಾಗಿಲಿನ ಒಳಮೈಗೆ ನೀನು ಅಂಟಿಸಿದ ಚೀಟಿ! "ಅಪ್ಪನಿಗೆ" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೀಯ. ಎರಡು ವರ್ಷದಿಂದ ಅದು ಅಲ್ಲೇ ಇತ್ತು, ಜಂಭದಿಂದ ನಾನು ಬಾಗಿಲನ್ನೇ ತೆಗೆದಿರಲಿಲ್ಲ. ಮೂವತ್ತು ವರ್ಷ ಬಸ್ಸು ಓಡಿಸಿದವನ ತಲೆಗೆ ಹೇಗೆ ಹೇಳಿದರೆ ಹತ್ತುತ್ತದೆ ಎಂದು ನಿನಗೆ ಯಾರು ಹೇಳಿಕೊಟ್ಟರಮ್ಮ? "ಬ್ಯಾಟರಿ ಅಂದ್ರೆ ಡಿಪೋ ಅಪ್ಪಾ. ಮೀಟರ್ ಹನ್ನೆರಡಕ್ಕಿಂತ ಕೆಳಗಿದ್ರೆ ಡಿಪೋದಲ್ಲಿ ಬಸ್ಸೇ ಇಲ್ಲ." ನೋಡಿದೆ, ಹನ್ನೆರಡೂ ಮುಕ್ಕಾಲು. "ಫ್ಯೂಸು ಚೆಕಿಂಗ್ ಇನ್‌ಸ್ಪೆಕ್ಟರ್. ಒಳಗಿನ ತಂತಿ ತುಂಡಾಗಿದ್ರೆ ಅವನೇ ಬಸ್ ತಡೆದಿದ್ದಾನೆ, ಯಾಕೆ ಅಂತ ತಿಳೀದೆ ಹೊಸದು ಹಾಕ್ಬೇಡ." ಕನ್ನಡಕ ಹಾಕಿಕೊಂಡು ಒಂದೊಂದೇ ನೋಡಿದೆ, ಎಲ್ಲ ನೆಟ್ಟಗಿದ್ದವು. "ಇನ್ವರ್ಟರ್ ಹತ್ರ ಬಸ್ ಬದಲಿಸ್ಬೇಕು. ಬ್ಯಾಟರಿ ಕರೆಂಟು ಇಲ್ಲಿ ಇಳಿದು ಮನೆ ಕರೆಂಟಾಗಿ ಹತ್ತುತ್ತೆ. ದೀಪ, ಪಂಪು ಇಲ್ಲಿಗೆ ಬರಲ್ಲ, ಫ್ರಿಜ್ ಬರುತ್ತೆ." ಅಷ್ಟು ಓದುವ ಹೊತ್ತಿಗೆ ನನಗೇ ಹೊಳೆಯಿತು, ಪ್ರಯಾಣಿಕರು ಸಿಕ್ಕಿಹಾಕಿಕೊಂಡಿರುವ ನಿಲ್ದಾಣ ಅದೇ ಎಂದು. ಕೊನೆಯ ಸಾಲು ಹೀಗಿತ್ತು: "ಕೆಂಪು ದೀಪ ಇದ್ರೆ ಪೆಟ್ಟಿಗೆ ಮೇಲೆ ಅಂಗೈ ಇಡು. ಸುಡ್ತಾ ಇದ್ರೆ ಅದಕ್ಕೆ ಗಾಳಿ ಸಾಕಾಗ್ತಿಲ್ಲ, ಅಷ್ಟೇ."

ಅಂಗೈ ಇಡೋಣವೆಂದರೆ ಇನ್ವರ್ಟರ್ ಪೆಟ್ಟಿಗೆಯೇ ಕಾಣಿಸದು! ಹೂವಿನ ಚಿತ್ತಾರದ ಬಟ್ಟೆ, ಒಳಗೆ ಹತ್ತಿ, ಅಂಚಿಗೆ ಪಟ್ಟಿ, ನಾಲ್ಕು ಮೂಲೆಗೂ ಲಾಡಿ. ನಿನ್ನ ಅಮ್ಮನ ಕೈಕೆಲಸ. ಅವಳ ಸಂಗತಿ ನಿನಗೆ ಗೊತ್ತಲ್ಲ, ಮಿಕ್ಸಿಗೆ ಅಂಗಿ, ರೇಡಿಯೋಗೆ ಅಂಗಿ, ನನ್ನ ಬಸ್ಸಿನ ಗೇರಿಗೂ ಟೋಪಿ ಹೊಲಿದು ಡಿಪೋದಲ್ಲೆಲ್ಲ ನನ್ನ ಮಾನ ಕಳೆದವಳು. ಮೊದಲ ಪ್ರವಾಸದ ಹಿಂದಿನ ದಿನ ಇದನ್ನು ಹೊಲಿದು ತೊಡಿಸಿದ್ದಾಳೆ. ಮಗಳು ಕೈಯಾರೆ ಕೂರಿಸಿದ ಪೆಟ್ಟಿಗೆಗೆ ಧೂಳು ಹಿಡಿಯಬಾರದಂತೆ. ಒಳಗಿನ ಬಿಸಿ ಹೊರಹಾಕುವ ಫ್ಯಾನಿನ ಬಾಯಿಯನ್ನೂ ಸೇರಿಸಿ ಮುಚ್ಚಿದ್ದಾಳೆ. ಲಾಡಿ ಬಿಚ್ಚಿದರೆ ಕೆಂಪು ದೀಪ, ಮುಟ್ಟಿದರೆ ಪೆಟ್ಟಿಗೆ ಇಸ್ತ್ರಿಪೆಟ್ಟಿಗೆಯಷ್ಟು ಬಿಸಿ. ನಾವಿಬ್ಬರೂ ಬೀಸಣಿಗೆ ಹಿಡಿದು ಅದರ ಮುಂದೆ ಕೂತು ಉಪಚಾರ ಮಾಡಿದೆವು. ಅರ್ಧ ಗಂಟೆಯಲ್ಲಿ ದೀಪ ಹಸಿರಾಯಿತು, ಫ್ರಿಜ್ಜು ಗುರ್ ಎಂದಿತು. ಪುಟ್ಟೀ, ಅಷ್ಟು ಇಂಪಾದ ಸದ್ದನ್ನು ನಾನು ಈಚೆಗೆ ಕೇಳಿರಲಿಲ್ಲ. ಇವತ್ತು ಇಡೀ ಮಧ್ಯಾಹ್ನ ಬಿಸಿಲಿನಲ್ಲೇ ನಿಲ್ಲಿಸಿ ಪರೀಕ್ಷೆ ಮಾಡಿದೆ. ಫ್ರಿಜ್ಜು ಒಮ್ಮೆಯೂ ನಿಲ್ಲಲಿಲ್ಲ. ಮದ್ದೂ ತಣ್ಣಗಿದೆ. ಗಾಡಿ ತಿರುಗಿಸುವ ಮಾತೇ ಇಲ್ಲ.

ಅಮ್ಮ ಆ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. "ನನ್ನ ಹೊಲಿಗೆಯಿಂದ ಮಗಳು ಬೈಸ್ಕೊಂಡ್ಳಲ್ರೀ" ಎಂದಳು. ಬಟ್ಟೆ ಅವಳದೇ ಇರಬಹುದು, ಬೈದ ನಾಲಿಗೆ ನನ್ನದು. ಆ ಮೊದಲ ಪ್ರವಾಸದಲ್ಲಿ ಫ್ರಿಜ್ಜು ನಿಂತು, ಕೆರೆಯ ದಂಡೆಯಲ್ಲಿ ನೆಂಟರೆಲ್ಲ ಸುತ್ತ ನಿಂತಿದ್ದಾಗ ನೀನು ಇದೇ ಬೀರು ತೆಗೆಯಲು ಬಗ್ಗಿದ್ದೆ. "ಸಾಕು, ಮುಟ್ಬೇಡ. ಪುಸ್ತಕ ಓದಿದ ಮಾತ್ರಕ್ಕೆ ಕೈಗೆ ಕೆಲ್ಸ ಬರಲ್ಲ" ಎಂದೆ. ನಾನು ಒಂದೇ ನಿಮಿಷ ಸುಮ್ಮನಿದ್ದಿದ್ದರೆ ಅವತ್ತೇ ಎಲ್ಲ ಸರಿಹೋಗುತ್ತಿತ್ತು. ನೀನು "ಆಯ್ತಪ್ಪಾ" ಎಂದು ಟೂಲ್ ಪೆಟ್ಟಿಗೆ ಮುಚ್ಚಿದೆ. ಮುಂದಿನ ವಾರವೇ ದೂರದ ಕೆಲಸಕ್ಕೆ ಹೊರಟೆ. ಅಷ್ಟಾದರೂ ಚೀಟಿಯನ್ನು ಕಿತ್ತುಹಾಕದೆ ಹೋದೆಯಲ್ಲ, ಅದಕ್ಕೆ ನಾನು ನಿನಗೆ ಏನು ಹೇಳಲಿ? ನಿನ್ನೆ ಅಮ್ಮನ ಮದ್ದು ಉಳಿಸಿದ್ದು ನೀನು. ನಿನ್ನ ಕೆಲಸದಲ್ಲಿ ಒಂದು ತಂತಿಯೂ ತಪ್ಪಿರಲಿಲ್ಲ ಮಗಳೇ. ನಿನ್ನಂಥವಳ ಅಪ್ಪ ಎನ್ನಿಸಿಕೊಂಡದ್ದು ನನ್ನ ಭಾಗ್ಯ.

ಕಂಬ ಹತ್ತುವಾಗ ಹುಷಾರು, ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ನಿನಗೆ ಮುತ್ತು ಕಳಿಸಿದ್ದಾಳೆ, ಚಹಾ ಅಂಗಡಿಯಾಕೆಯೂ ಮಗಳನ್ನು ಕೇಳಿದೆನೆಂದು ಬರೆಯಿರಿ ಎಂದಿದ್ದಾಳೆ. ನೂರು ವರ್ಷ ನಗುನಗುತ್ತಾ ಬಾಳು.

ನಿನ್ನ
ಅಪ್ಪ

ಮರೆತಿದ್ದೆ: ಕಾಗದ ನಾಳಿದ್ದೇ ನಿನ್ನ ಕೈಸೇರುತ್ತದಂತೆ, ನಾವು ಬರುವುದು ಶನಿವಾರ. ನಿಮ್ಮಲ್ಲಿ ಪಾಳಿ ಬದಲಾಗಿ ಎಲ್ಲರೂ ಗೇಟಿನ ಬಳಿ ಸೇರುವ ಹೊತ್ತು ಯಾವುದೆಂದು ಅಮ್ಮನ ಫೋನಿಗೆ ತಿಳಿಸು, ಆ ಹೊತ್ತಿಗೆ ಸರಿಯಾಗಿ ಬರುತ್ತೇನೆ. ನಿನ್ನನ್ನು ಬೈದದ್ದು ಹತ್ತು ಜನರ ಮುಂದೆ. ತಪ್ಪಾಯಿತು ಎನ್ನುವುದನ್ನು ಕಾಗದದಲ್ಲಿ ಮುಗಿಸಿಬಿಟ್ಟರೆ ನ್ಯಾಯವಲ್ಲ, ಅದೂ ಹತ್ತು ಜನರ ಮುಂದೆಯೇ ಆಗಬೇಕು. ಆಗ ಮಾತ್ರ "ಆಯ್ತಪ್ಪಾ" ಎಂದು ನಡುವೆ ತಡೆಯಬೇಡ, ಪೂರ್ತಿ ಹೇಳಲು ಬಿಡು.