ಹನ್ನೊಂದು ಬಾಟಲಿ ಒಮಾನ್

ಅಕ್ಟೋಬರ್ 29, ಮಂಗಳವಾರ. ಮಾನ್ಮತ್ ಜಂಕ್ಷನ್, ಮಗಳ ಮನೆ

…ಅದನ್ನೇ ನಿನ್ನೆಯೂ ಹೇಳಿದ್ದು, ಒಮಾನ್ ಅಂದರೆ ಬರೀ ಮರಳಲ್ಲ. ಉತ್ತರಕ್ಕೆ ಬೋಳು ಬೆಟ್ಟ, ಅದರೊಳಗೆ ತಾಮ್ರ, ಕ್ರೋಮೈಟ್. ಬುಡದಲ್ಲಿ ಜಲ್ಲಿ, ಜಲ್ಲಿಯಡಿ ನೀರು. ಎಣ್ಣೆ ದೂರದ ಬಯಲಲ್ಲಿ. ಹತ್ತೊಂಬತ್ತು ವರ್ಷ ಅಲ್ಲಿ ಬೋರ್‌ವೆಲ್ ಕೊರೆಸಿದವನು ನಾನು. ಮೊಮ್ಮಗಳು ಧೃತಿಗೆ ಶಾಲೆಯಲ್ಲಿ ಅದೇ ಪ್ರಾಜೆಕ್ಟ್.

"ಇಟ್ಸ್ ಆಲ್ ಆನ್‌ಲೈನ್, ತಾತಾ. ಐ ಜಸ್ಟ್ ನೀಡ್ ಪಿಕ್ಚರ್ಸ್."

ಪಿಕ್ಚರ್ ಯಾಕೆ? ಗರಾಜಿನಲ್ಲಿ ದೇಶವೇ ಇದೆ ಎಂದೆ.

ಹನ್ನೊಂದು ಉಪ್ಪಿನಕಾಯಿ ಬಾಟಲಿ. ಒಂದೊಂದರಲ್ಲಿ ಒಂದೊಂದು ಆಳದ ಮಣ್ಣು. ನಾನು ಆಳ ಹೇಳುವುದು, ಹೆಂಡತಿ ನಿರುಪಮಾ ಚೀಟಿ ಬರೆದು ಅಂಟಿಸುವುದು. "ನಿಮ್ಮ ಅಕ್ಷರ ನಿಮಗೇ ಓದಕ್ಕಾಗಲ್ಲ ಬಿಡಿ." ಇಲ್ಲಿಗೆ ಬರುವಾಗ ಕಸ್ಟಮ್ಸ್‌ನವನಿಗೆ ಚಟ್ನಿಪುಡಿ ಎಂದಳು! ಕಾಗದ ಬರೆಯುವವಳಲ್ಲ. ಅವಳು ಹೋದ ಮೇಲೆ ಅವಳ ಕೈಬರಹ ಉಳಿದಿರುವುದು ಆ ಚೀಟಿಗಳಲ್ಲಿ ಮಾತ್ರ.

ಮುಂದಿನ ವಾರ ಬುಧವಾರ ಕ್ಲಾಸಿಗೆ ನಾನೇ ಹೋಗಿ ತೋರಿಸುವುದು.

ನವೆಂಬರ್ 1, ಶುಕ್ರವಾರ

ಶೆಲ್ಫ್ ಖಾಲಿ. ದೀಪಾವಳಿಗೆಂದು ಅಳಿಯ ಗೌರವ್ ಗರಾಜ್ ಕ್ಲೀನ್ ಮಾಡಿದ್ದಾನೆ. ಬಾಟಲಿಗಳು ರಿಸೈಕ್ಲಿಂಗ್‌ಗೆ.

"ಸುಮ್ನೆ ಬಿಸಾಕಿಲ್ಲ ಮಾವ. ಚೆನ್ನಾಗಿ ತೊಳ್ದು, ಲೇಬಲ್ ಕಿತ್ತು ಹಾಕಿದೀನಿ. ಗಲೀಜಿದ್ರೆ ಅವ್ರು ತಗೊಳಲ್ಲ."

"ಒಳಗಿದ್ದದ್ದು?"

"ಮಣ್ಣು ತಾನೇ? ಹಿಂದ್ಗಡೆ ಲಾನ್‌ಗೆ ಸುರಿದೆ."

ಮಗಳು ನಂದಿತಾ ಗಂಡನ ಪರ. "ಬೇಕು ಅಂತ ಒಂದ್ ಮಾತು ಹೇಳಿದ್ರೆ ಇಡ್ತಿರ್ಲಿಲ್ವಾ ಅಪ್ಪಾ?"

ಹೇಳಬೇಕಿತ್ತಂತೆ. ನಿನ್ನಮ್ಮನೇ ಬರೆದು ಅಂಟಿಸಿದ್ದಳಲ್ಲ! ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್… ಮುಂದೇನೋ ಇತ್ತು, ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ದೂರುಪತ್ರ. ಬೇಕಾದಾಗ ಬರುವುದಿಲ್ಲ. ಹಬ್ಬದೂಟ ಸೇರಲಿಲ್ಲ.

ನವೆಂಬರ್ 4, ಸೋಮವಾರ. ಸಂಜೆ 4.30

ಲಾನಿನಲ್ಲಿ ಕುರ್ಚಿ ಹಾಕಿಕೊಂಡಿದ್ದೇನೆ. ವಾರಗಟ್ಟಲೆ ಮಳೆಯಿಲ್ಲ, ಸುರಿದ ಮಣ್ಣಿನ ಗುಡ್ಡೆ ಹಾಗೇ ಇತ್ತು. ಧೃತಿ ಚಮಚದಲ್ಲಿ ಗೋರಿದಳು. ಎಲ್ಲಾ ಕಲಸಿಹೋಗಿದೆ. ಹತ್ತು ಮೀಟರ್, ನೂರು ಮೀಟರ್, ಒಂದೇ ಬೂದಿ ಬಣ್ಣ. ಹನ್ನೊಂದು ಜಿಪ್‌ಲಾಕ್ ಚೀಲ ತಂದಳು, ಚೀಟಿ ತಂದಳು.

"ಜಸ್ಟ್ ಟೆಲ್ ಮಿ ದ ನಂಬರ್ಸ್, ತಾತಾ. ಐ'ಲ್ ರೈಟ್."

ಅಜ್ಜಿಯ ಹಾಗೆ ಎಡಗೈ. ಬಾಯಿಗೆ ಬಂದದ್ದು ಹೇಳಬಹುದು, ಕ್ಲಾಸಿನಲ್ಲಿ ಯಾರಿಗೆ ಗೊತ್ತಾಗುತ್ತದೆ… ಬೇಡ. ಹತ್ತು ಚೀಲ ವಾಪಸ್ ಕೊಟ್ಟೆ. ಒಂದು ಸಾಕು, ಕಲಸಿದ್ದೆಲ್ಲ ಅದರಲ್ಲೇ; ಚೀಟಿಯಲ್ಲಿ ನೀರು ಸಿಕ್ಕ ಆಳವೊಂದೇ. ಆ ಆಳದ ಹಳೇ ಚೀಟಿಗೆ ಮಾತ್ರ ನಿರುಪಮಾ ಕೆಂಪು ಗೆರೆ ಎಳೆದಿದ್ದಳು. ನಲವತ್ತಾರೋ, ಅರವತ್ತನಾಲ್ಕೋ… ಹೇಳಿದವನು ನಾನೇ. ಬರೆದವಳು ಅವಳು. ನೆನಪಿಟ್ಟುಕೊಳ್ಳುವ ಕೆಲಸ ನನಗೆಂದೂ ಇರಲಿಲ್ಲ.

ಧೃತಿ ಪೆನ್ನು ಹಿಡಿದು ಕಾಯುತ್ತಿದ್ದಾಳೆ. ಚಳಿಗಾಲ ಬಂತೆಂದು ಈ ದೇಶದವರು ನಿನ್ನೆ ಗಡಿಯಾರ ಒಂದು ಗಂಟೆ ಹಿಂದೆ ಹಾಕಿದರು. ಆಗಲೇ ಬೆಳಕು ಹೋಗುತ್ತಿದೆ, ಅವಳ ಕೈಯಲ್ಲಿರುವ ಚೀಟಿ ಇನ್ನೂ ಖಾಲಿ.